ನಿದ್ದೆಯ ಮೇಲೆ ಕಾವಲಿಟ್ಟ ಕ್ಯಾಮೆರಾ

ಧಾರವಾಡದ ಕೆಲಗೇರಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮುಗದ ಎಂಬ ಹಳ್ಳಿಯ ರೈತ ಕುಟುಂಬದ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಶಿಕ್ಷಕಿಯ ಹುದ್ದೆಯ ಪರೀಕ್ಷೆಗೆ ಓದಲೆಂದು ಬಂದವಳು. ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೇಳದೆ ಆಕೆಯ ಮುಖವನ್ನು ಊರಿಗೆಲ್ಲ ಹಂಚಿದವರ ಸಾಲಿನಲ್ಲಿ ನಾನೂ ನಿಲ್ಲಲಾರೆ.

ಬೆಳಕು ಹರಿಯುವ ಮುನ್ನ ಎದ್ದು ಓದುತ್ತಿದ್ದಳು. ಆಮೇಲೆ ಪುಸ್ತಕ ಮುಚ್ಚಿ, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತು, ಓದಿದ್ದನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ತಡವರಿಸಿದಲ್ಲಿ ಮತ್ತೆ ಪುಸ್ತಕ ತೆರೆಯುತ್ತಿದ್ದಳು. ಶಿಕ್ಷಕರ ತರಬೇತಿಯಲ್ಲೇ ಆಯುಷ್ಯ ಕಳೆದ ನನಗೆ ಅದನ್ನು ಕಂಡು ಸಂತೋಷವಾಗುತ್ತಿತ್ತು. ಕಣ್ಣು ಸಾಲಿನ ಮೇಲೆ ಹತ್ತು ಸಲ ಓಡಾಡಿದರೆ ಪಾಠ ಬಂದಂತೆ ಭಾಸವಾಗುತ್ತದೆ, ಅಷ್ಟೇ. ಮರೆಯುವ ಅಂಚಿನಲ್ಲಿರುವುದನ್ನು ಮಿದುಳು ತಾನೇ ಹುಡುಕಿ ತೆಗೆದಾಗ ಅದರ ಹಿಡಿತ ಬಿಗಿಯಾಗುತ್ತದೆ. ಹಾಗೆ ಹಿಡಿದದ್ದನ್ನು ನೆಲೆಗೊಳಿಸುವ ಕೆಲಸ ಬಹುಪಾಲು ನಿದ್ದೆಯಲ್ಲಿ ನಡೆಯುತ್ತದೆ. ಇದು ಯಾರ ಅಭಿಪ್ರಾಯವೂ ಅಲ್ಲ; ಮಿದುಳನ್ನು ಅಭ್ಯಾಸ ಮಾಡಿದವರು ಒಪ್ಪಿದ ಮಾತು.

ಆಕೆ ಹೋಗುತ್ತಿದ್ದ ತರಬೇತಿ ಕೇಂದ್ರ ಮಾತ್ರ ಇದನ್ನು ಒಪ್ಪಿರಲಿಲ್ಲ. ಅಲ್ಲಿಯ ಓದುವ ಹಾಲ್‌ನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುರ್ಚಿ ಬಿಡುವಂತಿಲ್ಲ, ತುಟಿ ಅಲುಗಿಸುವಂತಿಲ್ಲ, ತೂಕಡಿಸುವಂತಿಲ್ಲ. ತೂಕಡಿಸಿದವರನ್ನು ಗೋಡೆಯ ಕ್ಯಾಮೆರಾ ಹಿಡಿಯುತ್ತಿತ್ತು. ತಿಂಗಳಿಗೊಂದು ಭಾನುವಾರ ಪಾಲಕರನ್ನು ಕರೆಸಿ ಆ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ತೋರಿಸುವುದು ಅಲ್ಲಿಯ ಪದ್ಧತಿ. ತಮ್ಮ ಚಿತ್ರ ಬಂದವರು ಎದ್ದು ನಿಲ್ಲಬೇಕು.

ಆ ಭಾನುವಾರ ಆಕೆಯ ತಂದೆಯೊಡನೆ ನಾನೂ ಹೋಗಿದ್ದೆ. ಅವರ ಹಣೆಗೆ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ. ಮದುವೆಗೆ ಬಂದವರಂತೆ ಕುಳಿತಿದ್ದರು. ಪರದೆಯ ಮೇಲೆ ಮಗಳು ಮೂಡಿದಳು: ಮೇಜಿನ ಮೇಲೆ ತೋಳು, ತೋಳಿನ ಮೇಲೆ ಕೆನ್ನೆ, ಅರೆ ತೆರೆದ ಬಾಯಿ. ಜನ ನಕ್ಕರು. ಹುಡುಗಿ ಎದ್ದು ನಿಂತಳು.

"ನೋಡ್ರಿ ಯಜಮಾನ್ರ," ಎಂದರು ಕೇಂದ್ರದ ನಿರ್ದೇಶಕರು, "ನೀವು ಅಲ್ಲಿ ಬಿಸಲಾಗ ದುಡೀತೀರಿ. ನಿಮ್ಮ ಮಗಳು ಇಲ್ಲಿ ಫ್ಯಾನಿನ ಕೆಳಗ ಕನಸು ಕಾಣಾಕತ್ತಾಳ."

ನಾನು ಎದ್ದೆ. "ಸರ್, ಆಕೀ ಊಟಾದ ಮ್ಯಾಲ ಒಂದಿಷ್ಟು ಮಲಗಿದ್ದು ಓದಿಗೆ ಛಲೋನ ಆಗತದ. ಮುಂಜಾನೆ ಓದಿದ್ದು ತಲ್ಯಾಗ ಕೂಡಾಕ ನಿದ್ದಿ ಬೇಕ್ರಿ."

"ಹಂಗಾದ್ರ ಮುಂದಿನ ಬ್ಯಾಚಿಗೆ ಬೆಂಚ್ ತಗದು ಗಾದಿ ಹಾಸೂಣೇನ್ರಿ ಮೇಡಂ?"

ಮತ್ತೆ ನಗೆ. ಈ ಬಾರಿ ಮಕ್ಕಳೂ ನಕ್ಕರು. ಎದ್ದು ನಿಂತಿದ್ದ ಮಕ್ಕಳೂ.

ನನ್ನನ್ನು ಇಂದಿಗೂ ಸುಡುವುದು ಆ ನಗೆ. ಒಪ್ಪಿಗೆಯಿಲ್ಲದೆ ಒಬ್ಬಳ ನಿದ್ದೆಯನ್ನು ಸೆರೆಹಿಡಿಯುವುದು ತಪ್ಪು. ಅದನ್ನು ನೂರಾರು ಜನರೆದುರು ಹರವುವುದು ಇನ್ನೂ ದೊಡ್ಡ ತಪ್ಪು. ಅವಮಾನವನ್ನು ಶಿಸ್ತು ಎಂದು ಕರೆದು ಅದಕ್ಕೆ ಪಾಲಕರ ಚಪ್ಪಾಳೆ ಗಿಟ್ಟಿಸುವುದಂತೂ ನೀಚತನ. ಹೆದರಿದ ಮನಸ್ಸು ಹೆದರಿಕೆಯನ್ನಷ್ಟೇ ಕಾಯುತ್ತದೆ. ಪಾಠಕ್ಕೆ ಅಲ್ಲಿ ಜಾಗವೆಲ್ಲಿ? ವಿದ್ಯೆಯ ಊರೆಂದು ಬೀಗುವ ನಾವು, ಕುರ್ಚಿಗೆ ಅಂಟಿ ಕುಳಿತದ್ದನ್ನೇ ಓದು ಎಂದು ನಂಬಿದ್ದೇವೆ. ಈ ನಂಬಿಕೆಯಲ್ಲಿ ನಿರ್ದೇಶಕರೊಬ್ಬರೇ ಇರಲಿಲ್ಲ, ಇಡೀ ಸಭೆಯಿತ್ತು.

ತಂದೆ ಹೊರಗೆ ಬಂದು ಒಂದೇ ಮಾತು ಹೇಳಿದರು: "ಅರಿವಿ ಕಟ್ಟಿಕೋ. ಊರಿಗೆ ಹೋಗೂಣು."

ಊರಿಗೆ ಹೋದರೆ ಓದು ಮುಗಿದಂತೆ. ಮನೆಯಲ್ಲಿ ಆಗಲೇ ಒಂದು ಸಂಬಂಧ ನೋಡಿ ಇಟ್ಟಿದ್ದರು. ಆಕೆಯ ಹಟಕ್ಕೆ ಈ ಪರೀಕ್ಷೆಯವರೆಗೆ ತಡೆದಿದ್ದರು, ಅಷ್ಟೇ. ಕೋಣೆಗೆ ಮರಳಿ ಬಟ್ಟೆಗಳನ್ನು ಬ್ಯಾಗಿಗೆ ತುಂಬುತ್ತ ಹುಡುಗಿ ಕೇಳಿದಳು:

"ಅಪ್ಪಾ, ಹೊಲದಾಗ ಬುತ್ತಿ ಉಂಡು ನೀ ಬೇವಿನ ಗಿಡದ ಬುಡಕ ಅಡ್ಡಾಗೂದಿಲ್ಲೇನು?"

"ಆಗತೇನಿ. ನನ್ನ ಫೋಟೋ ಯಾರೂ ತಗಿಯೂದಿಲ್ಲ."

"ತಗದ್ರ ಕೆಲಸ ಬಿಡತಿದ್ಯೇನು?"

ಅವರು ನನ್ನ ಕಡೆ ತಿರುಗಿದರು. "ಅಕ್ಕಾರ, ನೀವು ಹೇಳೂದು ಖರೇನ ಇರಬಹುದು. ಆದ್ರ ಊರಾಗ ನಾ ಎಷ್ಟು ಮಂದಿಗೆ ತಿಳಿಸಿ ಹೇಳ್ಲಿ?"

ಅವರ ಭಯ ಸುಳ್ಳಲ್ಲ. ಕೇಂದ್ರದವರು ಆ ಚಿತ್ರವನ್ನು ಪಾಲಕರ ವಾಟ್ಸಾಪ್ ಗುಂಪಿಗೂ ಹಾಕಿದ್ದರು. ತೆಗೆಸಿರೆಂದು ನಾನು ಫೋನ್ ಮಾಡಿದಾಗ, "ಹೋಗಿಬಿಟ್ಟದ್ರಿ, ಈಗೇನ್ ಮಾಡಾಕ ಬರೂದಿಲ್ಲ" ಎಂದು ಸಲೀಸಾಗಿ ಹೇಳಿದರು.

ನಿಲ್ದಾಣದಲ್ಲಿ ಮುಗದದ ಬಸ್ಸು ನಿಂತಿತ್ತು. ನಾನೂ ಅವರ ಹಿಂದೆಯೇ ಹತ್ತಿ, ಬೇಡಿಕೊಳ್ಳುತ್ತಲೇ ಇದ್ದೆ. ಹುಡುಗಿ ಕಿಟಕಿಯ ಪಕ್ಕ ಕುಳಿತಳು; ತಂದೆ ಬ್ಯಾಗನ್ನು ಮೇಲೆ ಏರಿಸಿದರು. ಹಿಂದಿನ ಸೀಟಿನಲ್ಲಿದ್ದ ಅವರ ಊರಿನ ಹಿರಿಯರೊಬ್ಬರು ಅದೇ ಚಿತ್ರವಿದ್ದ ಮೊಬೈಲನ್ನು ಮುಂದೆ ಹಿಡಿದರು.

"ಏನವಾ ತಂಗಿ, ನಿದ್ದಿ ಪೂರಾ ಆತೇನು? ಮಲಗಾಕ ಧಾರವಾಡದತನಕ ಬರಬೇಕಿತ್ತೇನು? ಮನ್ಯಾಗ ಕೌದಿ ಇರಲಿಲ್ಲೇನು?"

ಹುಡುಗಿ ಸೆರಗಿನಂತೆ ಓಢಣಿಯನ್ನು ಮುಖದವರೆಗೆ ಎಳೆದುಕೊಂಡಳು. ಅದನ್ನು ಕಂಡೋ ಏನೋ, ಸಭೆಯಿಂದ ತಲೆ ತಗ್ಗಿಸಿಯೇ ಇದ್ದ ಆಕೆಯ ತಂದೆ ಒಮ್ಮೆಲೇ ತಿರುಗಿದರು.

"ಕಾಕಾ, ಆಕೀ ಮಲಗಿದ್ದು ನೋಡೀರಿ. ಎದ್ದು ಓದಿದ್ದು ನೋಡೀರೇನು?"

"ಅಲ್ಲೋ, ನಗಚಾಟಿಗೆ ಅಂದೆ..."

"ನನ್ನ ಮಗಳು ನಿಮ್ಮ ನಗಚಾಟಿಗೆ ಹುಟ್ಟಿಲ್ಲ. ಫೋನ್ ಒಳಗ ಇಡ್ರಿ."

ಕಂಡಕ್ಟರ್ ಸೀಟಿ ಊದಲು ಬಾಯಿಗಿಟ್ಟವನು ತಡೆದ. "ಏನ್ರೀ ಯಜಮಾನ್ರ, ಎಲ್ಲಾರೂ ಬರಾಕತ್ತೀರೋ ಹೆಂಗ?"

"ನಾ ಬರತೇನಿ," ಎಂದು ತಂದೆ ಬ್ಯಾಗನ್ನು ಕೆಳಗಿಳಿಸಿ ನನ್ನ ಕೈಗೆ ಕೊಟ್ಟರು. "ಈಕೀ ಇಳೀತಾಳ."