ಬಂಗಾಳಕೊಲ್ಲಿಯ ಸವತಿ

ನನಗೊಬ್ಬ ಸವತಿ ಇದ್ದಾಳೆ. ಹೀಗೆಂದು ಬರೆದು ಒಂದು ಸಲ ಓದಿಕೊಂಡೆ, ಎದೆಯ ಮೇಲಿನ ಭಾರ ಅರ್ಧ ಇಳಿದಂತಾಯಿತು. ನಿವೃತ್ತನಾದ ಗಂಡ, ಮೊಣಕಾಲು ನೋವಿನ ಹೆಂಡತಿ, ಮುಂಜಾನೆಯ ಚಹಾ, ಚಹಾದ ಜೊತೆಗೆ ಪೇಪರು ಎಂದು ನೆಮ್ಮದಿಯಾಗಿ ಸಾಗಿದ್ದ ಸಂಸಾರದಲ್ಲಿ ಈ ವಯಸ್ಸಿಗೆ ಇಂಥದ್ದೊಂದು ಬಂದೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವಳು ಬಂಗಾಳಕೊಲ್ಲಿಯವಳು. ವರ್ಷಕ್ಕೆ ಒಂದೆರಡು ಸಲ ಬರುತ್ತಾಳೆ, ಪ್ರತಿ ಸಲವೂ ಬೇರೆ ಹೆಸರಿನಲ್ಲಿ. ಅವಳು ಬಂದಾಗ ನಮ್ಮವರು ಊಟ ಮರೆಯುತ್ತಾರೆ, ಬಿ.ಪಿ. ಮಾತ್ರೆ ಮರೆಯುತ್ತಾರೆ, ನನ್ನನ್ನು ಮರೆಯುವ ಮಾತಂತೂ ಕೇಳಲೇಬೇಡಿ.

ನೀವು ಗಾಬರಿಯಾಗಿ ನಮ್ಮ ತಂಗಿಗೆ ಫೋನು ಮಾಡುವ ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳುತ್ತಿರುವುದು ಚಂಡಮಾರುತದ ಮಾತು. ನಮ್ಮವರು ಬಾಗಲಕೋಟೆಯ ಕಾಲೇಜೊಂದರಲ್ಲಿ ಭೂಗೋಳ ಕಲಿಸಿದವರು. ಹಲಗೆಯ ಮೇಲೆ ಸೀಮೆಸುಣ್ಣದಿಂದ ಚಂಡಮಾರುತದ ಸುರುಳಿ ಬರೆದು ಬರೆದು ಅವರ ಕೈ ಪಳಗಿತ್ತೇ ಹೊರತು ಒಂದನ್ನೂ ಕಣ್ಣಾರೆ ಕಂಡಿದ್ದಿಲ್ಲ. ಕಾಣುವುದಾದರೂ ಎಲ್ಲಿಂದ? ನಾವಿರುವುದು ಇಳಕಲ್ಲಿನಲ್ಲಿ. ಪಡುವಣದಿಂದ ಹೊರಟ ಮೋಡ ಘಟ್ಟದ ಮೇಲೆಯೇ ಕೈ ಬರಿದು ಮಾಡಿಕೊಂಡು ನಮ್ಮಲ್ಲಿಗೆ ಬರುತ್ತದೆ. ಮೂಡಣದಿಂದ ಹೊರಟದ್ದು ಆಂಧ್ರದಲ್ಲಿಯೇ ಉಳಿದುಬಿಡುತ್ತದೆ. ಹುನಗುಂದದ ಕಡೆ ಮುಗಿಲು ಕಪ್ಪಾದರೂ ನಾವು ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ತೆಗೆಯುವುದಿಲ್ಲ. ಅದು ಹಾದುಹೋಗುವ ಮೋಡ ಎಂದು ಹಪ್ಪಳಕ್ಕೂ ಗೊತ್ತು. ಟಿ.ವಿ.ಯಲ್ಲಿ ಕರಾವಳಿಯವರು ಮಳೆ ಸಾಕಾಯಿತು ಎಂದು ಬೇಸರಪಡುವುದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹೊಟ್ಟೆಕಿಚ್ಚು ನಮ್ಮ ಸೀಮೆಯ ಹವೆಯಲ್ಲಿಯೇ ಇದೆ, ನನ್ನೊಬ್ಬಳದೇ ತಪ್ಪಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ನಿವೃತ್ತಿಯ ಮರುವರ್ಷ ನಮ್ಮವರು ಒಂದು ವಾಟ್ಸ್‌ಆ್ಯಪ್ ಗುಂಪು ಸೇರಿದರು. ಹೆಸರು ‘ಮುಗಿಲ ಬಳಗ’. ಬಾದಾಮಿಯಲ್ಲಿ ಔಷಧದ ಅಂಗಡಿ ಇಟ್ಟಿರುವ ಮಹಾಂತಪ್ಪ ಅದರ ಹಿರಿಯ. ಕುಳಗೇರಿ ಕ್ರಾಸಿನಲ್ಲಿ ಟೈರಿನ ಅಂಗಡಿಯವರೊಬ್ಬರು, ಬಾಗಲಕೋಟೆಯ ವಕೀಲರೊಬ್ಬರು, ಹೀಗೆ ಒಂದಿಷ್ಟು ಜನ. ಎಲ್ಲರೂ ಬಾವಿಯಿಲ್ಲದ ಊರಿನ ಈಜುಗಾರರು. ಅಂಡಮಾನಿನ ಹತ್ತಿರ ಸಮುದ್ರ ಸ್ವಲ್ಪ ಕಾವೇರಿದರೆ ಸಾಕು, ಮಹಾಂತಪ್ಪನ ಅಂಗಡಿಯಲ್ಲಿ ಗಿರಾಕಿ ನೆಗಡಿಯ ಗುಳಿಗೆಗಾಗಿ ಕಾಯುತ್ತ ನಿಲ್ಲಬೇಕು. ಗಾಳಿಯ ವೇಗ, ಮೋಡದ ಎತ್ತರ, ಉಪಗ್ರಹದ ಚಿತ್ರ, ಅಮೆರಿಕದವರ ಲೆಕ್ಕ ಹೀಗೆ, ಯುರೋಪಿನವರ ಲೆಕ್ಕ ಹಾಗೆ ಎಂದು ಇವರೆಲ್ಲ ಬೆರಳು ಸವೆಯುವಂತೆ ಬರೆದುಕೊಳ್ಳುತ್ತಾರೆ. ಹೆಣ್ಣು ನೋಡಲು ಹೋದವರು ಕೂಡ ಅಷ್ಟು ವಿವರ ಕೇಳುವುದಿಲ್ಲ.

ಒಂದು ಕಾಲದಲ್ಲಿ ಹೊರದೇಶದವರು ಚಂಡಮಾರುತಗಳಿಗೆ ಬರೀ ಹೆಂಗಸರ ಹೆಸರು ಇಡುತ್ತಿದ್ದರಂತೆ. ಹೆಂಗಸರು ಜಗಳ ತೆಗೆದ ಮೇಲೆ ಗಂಡಸರ ಹೆಸರೂ ಸೇರಿತಂತೆ. ನಮ್ಮ ಕಡೆಯ ಸಮುದ್ರದ್ದಕ್ಕೆ ಸುತ್ತಲಿನ ದೇಶಗಳು ಸರದಿಯ ಮೇಲೆ ಹೆಸರು ಕೊಡುತ್ತವೆ. ಇದನ್ನೆಲ್ಲ ನನಗೆ ಹೇಳಿದವರು ನಮ್ಮವರೇ. ಈ ಸಲ ಬಂದವಳ ಹೆಸರನ್ನು ಮಾತ್ರ ನಾನಿಲ್ಲಿ ಬರೆಯುವುದಿಲ್ಲ. ಸವತಿಯ ಹೆಸರನ್ನು ನನ್ನ ಕೈಯಿಂದ ಬರೆಸುವಷ್ಟು ದೊಡ್ಡ ಮನಸ್ಸು ದೇವರು ನನಗೆ ಕೊಟ್ಟಿಲ್ಲ.

ಅವಳು ಹುಟ್ಟಿದ ದಿನದಿಂದ ನಾನು ಗಮನಿಸುತ್ತಿದ್ದೆ. ಮುಂಜಾನೆ ಎದ್ದವರು ಹಲ್ಲುಜ್ಜುವ ಮೊದಲೇ ಫೋನು ತೆಗೆದು, “ನಿನ್ನಿ ಸ್ವಲ್ಪ ಸೊರಗಿತ್ತು, ಇವತ್ತ ಚೇತರಿಸ್ಕೊಂಡೈತಿ” ಎಂದರು. ನನ್ನ ಮೊಣಕಾಲು ಎರಡು ವಾರದಿಂದ ಸೊರಗಿದ್ದರ ಬಗ್ಗೆ ಮನೆಯಲ್ಲಿ ಯಾವ ಪ್ರಕಟಣೆಯೂ ಹೊರಟಿರಲಿಲ್ಲ. ಮಧ್ಯಾಹ್ನ ಫೋನನ್ನು ನನ್ನ ಮುಖದ ಹತ್ತಿರ ಹಿಡಿದು, “ಕಣ್ಣ ನೋಡ ಇದರದು, ಎಷ್ಟ ದುಂಡಗ ಮೂಡೈತಿ” ಎಂದರು. ಬಿಳಿ ಮೋಡದ ಸುರುಳಿಯ ನಡುವೆ ಒಂದು ಕಪ್ಪು ಚುಕ್ಕೆ. ಚೆನ್ನಾಗಿಯೇ ಇತ್ತು, ಅದೇ ಸಂಕಟ. ಮದುವೆಯ ಹೊಸದರಲ್ಲಿ ನನ್ನ ಕಣ್ಣಿನ ಬಗ್ಗೆ ಇವರು ಹೇಳಿದ್ದು ಒಂದೇ ಮಾತು, ಚಷ್ಮಾದ ನಂಬರು ಬದಲಾಗಿರಬೇಕು, ತೋರಿಸಿಕೊಂಡು ಬಾ ಎಂದು.

ನಾನು ಹುನಗುಂದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಸಂಕಟ ಬಂದಾಗ ಅಲಂಕಾರಶಾಸ್ತ್ರ ನೆನಪಾಗುತ್ತದೆ. ನಮ್ಮ ಹಿಂದಿನವರು ನಾಯಿಕೆಯರಲ್ಲಿ ಎಂಟು ಬಗೆ ಮಾಡಿದ್ದಾರೆ. ಅವರಲ್ಲಿ ಖಂಡಿತೆ ಎಂಬವಳು ಇನ್ನೊಬ್ಬಳ ಮನೆಯಲ್ಲಿ ರಾತ್ರಿ ಕಳೆದು ಬಂದ ಗಂಡನ ಕೆಂಪು ಕಣ್ಣು ನೋಡಿ ಉರಿದುಬೀಳುವವಳು. ರಾತ್ರಿಯೆಲ್ಲ ಫೋನು ನೋಡಿ ನಮ್ಮವರ ಕಣ್ಣೂ ಕೆಂಪಗಾಗಿತ್ತು. ಆದರೆ ಪಾಪ, ಆ ಖಂಡಿತೆಗೆ ಎದುರಾಳಿಯ ಮನೆಯ ಓಣಿಯಾದರೂ ಗೊತ್ತಿರುತ್ತಿತ್ತು, ಸಖಿಯೊಬ್ಬಳನ್ನು ಕಳಿಸಿ ನಾಲ್ಕು ಮಾತು ಆಡಿಸಬಹುದಿತ್ತು. ನಾನು ಯಾರನ್ನು ಎಲ್ಲಿಗೆ ಕಳಿಸಲಿ? ಬಾದಾಮಿಯ ಗುಹೆಗಳಲ್ಲಿ ಕಂಬಗಳ ಮೇಲೆ ಗಂಡಹೆಂಡಿರ ಜೋಡಿಗಳನ್ನು ಕೆತ್ತಿದ್ದಾರಲ್ಲ, ಆ ಕಲ್ಲಿನ ಗಂಡಂದಿರೆಲ್ಲ ಹೆಂಡಿರ ಕಡೆಗೇ ವಾಲಿ ನಿಂತಿದ್ದಾರೆ. ಅವರ ಕೈಯಲ್ಲಿ ಫೋನು ಇರಲಿಲ್ಲ, ಅದಕ್ಕೇ ಅಷ್ಟು ಶತಮಾನ ವಾಲಿಕೊಂಡೇ ಉಳಿದಿದ್ದಾರೆ.

ಇಷ್ಟಾದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಈ ಸಲ ನನ್ನ ಸೀರೆ ನಡುವೆ ಸಿಕ್ಕಿಕೊಂಡಿತ್ತು.

ನಮ್ಮದು ನೇಕಾರರ ಮನೆತನ. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಅತ್ತೆಯವರ ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದ್ದು, ಇನ್ನೂ ಇದೆ. ಅತ್ತೆ ಜೀವನವಿಡೀ ನೇಯ್ದರು, ನಾನು ಸಾಲಿಯ ರಜೆಯಲ್ಲೆಲ್ಲ ಅವರ ಜೊತೆ ಕುಳಿತು ನೇಯ್ದೆ. ನೇಯ್ದದ್ದೆಲ್ಲ ವ್ಯಾಪಾರಿಯ ಅಂಗಡಿಗೆ ಹೋಯಿತು. ನಾವಿಬ್ಬರೂ ಉಟ್ಟದ್ದು ಅಗ್ಗದ ಮಿಲ್ಲಿನ ಸೀರೆ. ತಂಗಿಯ ಮಗಳ ಮದುವೆ ಮಲಪ್ರಭೆಯ ದಂಡೆಯ ಶಿವಯೋಗ ಮಂದಿರದಲ್ಲಿ ಗೊತ್ತಾದಾಗ, ನಾನು ನೇಯ್ದ ಸೀರೆಯನ್ನು ನಾನೇ ಉಟ್ಟು ಹೋಗಬೇಕು ಎಂದು ಒಂದು ಹುಚ್ಚು ಹತ್ತಿತು. ಒಡಲಿಗೆ ನವಿಲಿನ ಕೊರಳ ಬಣ್ಣ, ಗೋಮಿ ಎಂಬ ನಮೂನೆಯ ದಡಿ, ಸೆರಗಿಗೆ ನಮ್ಮೂರಿನ ಕೆಂಪು ರೇಷ್ಮೆ.

ನಮ್ಮೂರ ಸೀರೆಯ ಗುಟ್ಟು ಇರುವುದು ಕೊಂಡಿಯಲ್ಲಿ. ಒಡಲಿನ ಹಾಸು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಹಾಸುವ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಇದರ ಒಂದೊಂದು ಎಳೆಯ ಕುಣಿಕೆಯನ್ನು ಅದರ ಒಂದೊಂದು ಎಳೆಯ ಕುಣಿಕೆಗೆ ಸಿಗಿಸಿ, ನೇಯುವ ಮೊದಲೇ ಎರಡನ್ನೂ ಕೂಡಿಸಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಕುಣಿಕೆಗಳು ಪೋಣಿಸಿಕೊಂಡಿರುವ ಕಡ್ಡಿಯನ್ನು ಬಿಗಿಯಾಗಿ ಹಿಡಿದು ಎಳೆ ಕೊಡುತ್ತ ಹೋಗಬೇಕು, ಇನ್ನೊಬ್ಬರು ಸಿಗಿಸುತ್ತ ಹೋಗಬೇಕು. ಅತ್ತೆ ಇದ್ದಾಗ ಅವರೂ ನಾನೂ. ಈಗ ಅತ್ತೆ ಇಲ್ಲ. ಪಕ್ಕದ ಮನೆಯ ಗಂಗವ್ವನಿಗೆ ಅವಳ ಮಗ್ಗದ ಕೆಲಸವೇ ಬೆಟ್ಟದಷ್ಟು. “ನಾ ಹಿಡೀತೇನಿ ಬಿಡು, ನಮ್ಮವ್ವ ಹಿಡಿಯೂದು ನೋಡೇನಲ್ಲ” ಎಂದು ನಮ್ಮವರೇ ಮಾತು ಕೊಟ್ಟಿದ್ದರು. ಆ ಮಾತು ಕೇಳಿ ನಾನು ಎರಡು ದಿನ ಸುಮ್ಮಸುಮ್ಮನೆ ನಗುತ್ತ ಓಡಾಡಿದ್ದೆ. ಕೊಂಡಿಗೆ ಕೂತರೆ ಅರ್ಧ ದಿನ ಒಬ್ಬರ ಮುಂದೆ ಒಬ್ಬರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂಡಬೇಕು. ನಿವೃತ್ತಿಯ ನಂತರವೂ ನಮಗೆ ಅಂಥದ್ದೊಂದು ದಿನ ಸಿಕ್ಕಿರಲಿಲ್ಲ.

ಕೊಂಡಿಗೆ ಕೂತ ದಿನವೇ ಅವಳು ಆಂಧ್ರದ ದಂಡೆಗೆ ಬರಬೇಕೆ? ಇವರು ಫೋನನ್ನು ಮಗ್ಗದ ಕಂಬಕ್ಕೆ ಒರಗಿಸಿ ಇಟ್ಟರು. ನಾನು ನೋಡಿಯೂ ನೋಡದಂತೆ ಇದ್ದೆ. ಅರ್ಧ ಎಳೆ ಸಿಗಿಸುವ ತನಕ ಕೆಲಸ ಚೆನ್ನಾಗಿಯೇ ನಡೆಯಿತು. ಇವರ ಬೆರಳು ಅತ್ತೆಯ ಬೆರಳಿನಂತೆಯೇ ಇವೆ ಎಂದು ಇಷ್ಟು ವರ್ಷಕ್ಕೆ ಮೊದಲ ಸಲ ಕಂಡೆ, ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಫೋನು ಮೇಲಿಂದ ಮೇಲೆ ಟಣ್ ಟಣ್ ಎಂದಿತು. ಇವರು ಎರಡೂ ಕೈಯಿಂದ ಫೋನು ಹಿಡಿದರು. ಎರಡೂ ಕೈ ಎಂದರೆ, ಕಡ್ಡಿ ಹಿಡಿದಿದ್ದ ಕೈ ಕೂಡ.

“ಕಣ್ಣ ನೆಲಾ ಮುಟ್ತು” ಎಂದರು.

ಕಡ್ಡಿ ಕುಣಿಯಲ್ಲಿ ಬಿದ್ದಿತ್ತು. ಸಿಗಿಸಬೇಕಿದ್ದ ಕುಣಿಕೆಗಳೆಲ್ಲ ಜಾರಿ ಒಂದರೊಳಗೊಂದು ತೊಡರಿಕೊಂಡು, ಕೆಂಪು ರೇಷ್ಮೆ ನನ್ನ ಮಡಿಲಲ್ಲಿ ಗೋಜಲಾಗಿ ಕೂತಿತ್ತು. “ಇಲ್ಲೂ ಮುಟ್ಟೈತಿ ನೋಡ್ರಿ” ಎಂದೆ. ಇವರು ನೋಡಿದರು, ಮುಖ ಸಣ್ಣದಾಯಿತು. ಅಲ್ಲಿಗೆ ಬಿಡಬಹುದಿತ್ತು, ನಾನು ಬಿಡಲಿಲ್ಲ. “ಅಲ್ಲಿ ಮಂದಿ ಮನಿ ಬಿಟ್ಟು, ಮಕ್ಕಳನ ಕಟ್ಕೊಂಡು ಸಾಲ್ಯಾಗ ಕುಂತಾರ. ನಿಮಗ ಇದು ಚಂದ ನೋಡೂ ಹೊತ್ತೇನ್ರಿ?” ಎಂದೆ.

“ಚಂದ ಅಲ್ಲ. ಊರಿಲ್ಲದ ಕಡೆ ಹೊಳ್ಳಲಿ ಅಂತ ಎಲ್ಲಾರೂ ಕಾದ ಕುಂತಿದ್ವಿ” ಎಂದರು ಮೆಲ್ಲಗೆ.

ಅದು ಖರೆಯೇ ಇರಬೇಕು. ಆಡಿದ ಮಾತು ಧರ್ಮದ್ದೇ ಆದರೂ, ಅದನ್ನು ಆಡುವಾಗ ನನ್ನ ಮನಸ್ಸಿನಲ್ಲಿ ಆಂಧ್ರದ ಮಂದಿ ಇರಲಿಲ್ಲ. ಬರೀ ಹೊಟ್ಟೆಕಿಚ್ಚು ಇತ್ತು. ಹೊಟ್ಟೆಕಿಚ್ಚಿಗೆ ತನ್ನ ಸ್ವಂತ ಬಟ್ಟೆಯಲ್ಲಿ ಹೊರಗೆ ಬರಲು ನಾಚಿಕೆ, ಯಾವಾಗಲೂ ನ್ಯಾಯ ನೀತಿಯ ಶಾಲು ಹೊದ್ದುಕೊಂಡೇ ಬರುತ್ತದೆ.

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಗೋಜಲು ಬಿಡಿಸಲು ನಾನೊಬ್ಬಳೇ ಕುಳಿತೆ. ನಮ್ಮ ಸೀಮೆಯ ಒಣ ಹವೆಗೆ ಎಳೆಗಳು ಮುಟ್ಟಿದರೆ ಕಡಿಯುತ್ತಿದ್ದವು. ಕಡಿದದ್ದನ್ನು ಗಂಟು ಹಾಕಿದರೆ ಪಕ್ಕದ್ದು ಕಡಿಯುತ್ತಿತ್ತು. ಮದುವೆ ಹತ್ತಿರ ಬಂದಿತ್ತು. ಅಂಗಡಿಯ ಸೀರೆಯನ್ನೇ ಉಟ್ಟು ಹೋದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ, ಹೇಳಿಕೊಂಡು ಕಣ್ಣೀರು ತಂದುಕೊಂಡೆ. ಇವರು ಎರಡು ಮೂರು ಸಲ ಬಾಗಿಲ ತನಕ ಬಂದು ಕೆಮ್ಮಿ ಹೋದರು. ನಾನು ತಲೆ ಎತ್ತಲಿಲ್ಲ. ಬಾ ಎಂದು ಕರೆಯಲು ನನ್ನ ಬಾಯಿಗೂ, ಬರಲೇ ಎಂದು ಕೇಳಲು ಅವರ ಬಾಯಿಗೂ ಬೀಗ.

ಎರಡು ದಿನ ಬಿಟ್ಟು ಬೆಳಗ್ಗೆ ಎದ್ದರೆ ಓಣಿಯೆಲ್ಲ ಮಬ್ಬು. ಜಿಟಿಜಿಟಿ ಮಳೆ. ಗಂಗವ್ವ ಕಟ್ಟಿಗೆಯನ್ನು ಒಳಗೆ ಸಾಗಿಸುತ್ತ, ಇದೆಂಥ ಅಕಾಲದ ಮಳೆ ಎಂದು ಬೈಯುತ್ತಿದ್ದಳು. ನನಗೆ ಥಟ್ಟನೆ ಹೊಳೆಯಿತು. ಇವಳು ಅವಳೇ. ದಂಡೆ ಹತ್ತಿ, ಆಂಧ್ರ ದಾಟಿ, ರಾಯಚೂರಿನ ಮೇಲೆ ಹಾಯ್ದು, ನಡೆದೂ ನಡೆದೂ ನಮ್ಮ ಓಣಿಯ ತನಕ ಬಂದಿದ್ದಾಳೆ. ಯಾವ ಚಂಡಮಾರುತವೂ ಬಾರದ ಊರಿನ ಭೂಗೋಳದ ಮಾಸ್ತರರ ಬಾಗಿಲಿಗೆ ಖುದ್ದು ಬಂದು ನಿಂತಿದ್ದಾಳೆ. ಈಗಂತೂ ಇವರನ್ನು ಹಿಡಿಯುವವರೇ ಇಲ್ಲ ಎಂದುಕೊಂಡು, ಮಾತು ಬಿಟ್ಟದ್ದನ್ನೂ ಮರೆತು ಒಳಗೆ ಹೋದೆ. “ನಿಮ್ಮಾಕಿ ಬಂದಾಳ. ಹೊರಗ ಹೋಗಿ ನೋಡ್ರಿ” ಎಂದೆ.

ಇವರು ಚಹಾದ ಕಪ್ಪಿನಿಂದ ತಲೆ ಎತ್ತದೆ, “ಅದರಾಗ ಇನ್ನೇನ ಉಳದೈತಿ? ಈಗದು ಬರೇ ಕಡಿಮಿ ಒತ್ತಡ. ನೋಡೂವಂಥಾದ್ದಲ್ಲ” ಎಂದರು. ಮುಗಿಲ ಬಳಗ ಆಗಲೇ ಅವಳನ್ನು ಬಿಟ್ಟು ಅರಬ್ಬೀ ಸಮುದ್ರದಲ್ಲಿ ಮೂಡಬಹುದಾದ ಇನ್ನೊಂದರ ಸುದ್ದಿಗೆ ತೊಡಗಿತ್ತು.

ನನಗೆ ಯಾಕೋ ಚುರ್ ಎಂದಿತು. ವಾರವಿಡೀ ಯಾರ ಸೊರಗು, ಯಾರ ಚೇತರಿಕೆ ಎಂದು ಎಣಿಸಿದರೋ ಅವಳು ಈಗ ನೋಡುವಂಥವಳಲ್ಲ. ಊರೂರು ಹಾಳು ಮಾಡುವಷ್ಟು ಜೋರು ಇರುವ ತನಕ ಎಲ್ಲರ ಕಣ್ಣೂ ಅವಳ ಮೇಲೆ. ಜೋರು ಇಳಿದು, ಬಿಸಿ ಆರಿ, ಒಣಗಿದ ಊರಿಗೆ ನಾಲ್ಕು ಹನಿ ತಂದುಕೊಟ್ಟಾಗ ಯಾರಿಗೂ ಬೇಡ. ನಾನು ಹೊರಳಿ ಕನ್ನಡಿಯ ಕಡೆ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ.

“ಹಂಗಾರ ಈ ಮನ್ಯಾಗ ಕಡಿಮಿ ಒತ್ತಡದ್ದು ಇನ್ನೊಂದೈತಿ. ಅದನ್ನೂ ಬಿಡ್ತೀರೇನು?” ಎಂದೆ.

ಇವರು ಕಪ್ಪು ಕೆಳಗಿಟ್ಟರು. ಎದ್ದು ಹೋಗಿ ಹೊಸ್ತಿಲಲ್ಲಿ ನಿಂತು, ಓಣಿಯ ಮಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಫೋನನ್ನು ಅಡುಗೆಮನೆಯ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು, ಮಗ್ಗದ ಕೋಣೆಗೆ ಬಂದು, ಕುಣಿಯಲ್ಲಿ ಬಗ್ಗಿ ಕಡ್ಡಿ ಹುಡುಕಿ ತೆಗೆದರು. “ಕೊಡು, ಎಲ್ಲಿಂದ ಹಿಡೀಲಿ?” ಎಂದರು.

ನೇಕಾರರಿಗೆ ತಿಳಿದ ಒಂದು ಮಾತು ಇಲ್ಲಿ ಹೇಳಬೇಕು. ಹವೆಯಲ್ಲಿ ಹಸಿ ಇದ್ದರೆ ಎಳೆ ಮೆತ್ತಗಾಗುತ್ತದೆ, ಎಳೆದ ಕಡೆ ಬಾಗುತ್ತದೆ, ಕಡಿಯುವುದಿಲ್ಲ. ಆ ದಿನ ಕಿಟಕಿ ತೆರೆದು ಕುಳಿತೆವು. ಗೋಜಲು ತಾನಾಗಿ ಸಡಿಲಿ ಬಿಟ್ಟಿತು, ಕುಣಿಕೆಗಳು ಹೇಳಿದ ಮಾತು ಕೇಳಿದವು. ಹೊರಗೆ ಅವಳು ಸದ್ದಿಲ್ಲದೆ ಸುರಿಯುತ್ತಿದ್ದಳು, ಒಳಗೆ ಇವರು ಎಳೆ ಕೊಡುತ್ತಿದ್ದರು, ನಾನು ಸಿಗಿಸುತ್ತಿದ್ದೆ. ನಡುವೆ ಒಮ್ಮೆ, ನಿಮ್ಮ ಬೆರಳು ಥೇಟ್ ಅತ್ತೆಯವರ ಬೆರಳು ಎಂದೆ. ಇವರು ಕಡ್ಡಿ ಬಿಡದೆ ತಮ್ಮ ಬೆರಳನ್ನೇ ನೋಡಿಕೊಂಡರು.

ಉಳಿದ ದಿನಗಳಲ್ಲಿ ನೇಯ್ದು ಮುಗಿಸಿ, ಮದುವೆಗೆ ಆ ಸೀರೆ ಉಟ್ಟೇ ಹೋದೆ. ನಮ್ಮೂರ ಹೆಂಗಸರಿಗೆ ಸೀರೆಯ ಬಣ್ಣ, ದಡಿ ಎಲ್ಲ ಆಮೇಲೆ, ಮೊದಲು ಸೆರಗು ತಿರುವಿ ಕೊಂಡಿ ನೋಡಬೇಕು. ಮಂಟಪದ ಹೊರಗೆ, ಮಲಪ್ರಭೆಯ ಗಾಳಿಯಲ್ಲಿ, ನಮ್ಮ ಜೊತೆ ಬಂದಿದ್ದ ಗಂಗವ್ವ ನನ್ನ ಸೆರಗು ಹಿಡಿದು ಒಡಲೂ ಸೆರಗೂ ಕೂಡಿದ ಗೆರೆಯ ಮೇಲೆ ಬೆರಳು ಆಡಿಸಿದಳು. ಕಡಿದ ಎಳೆಗೆ ನಾನು ಹಾಕಿದ್ದ ಗಂಟು ಕೂಡ ಬೆರಳಿಗೆ ಸಿಗಲಿಲ್ಲ.

“ಹಾಲಿನ್ಯಾಗ ಹಾಲ ಕೂಡಿಧಂಗ ಕೂಡೈತಿ ಅಲ್ಲಬೇ” ಎಂದಳು. “ಯಾರ ಕುಂತಿದ್ರು ನಿನ್ನ ಕೂಡ?”

“ನಮ್ಮವರು” ಎಂದೆ. ಸುಳ್ಳು ಹೇಳಿದಂತಾಯಿತು ಅನ್ನಿಸಿ, “ಮತ್ತ ನನ್ನ ಸವತಿ” ಎಂದೆ.

ಗಂಗವ್ವ ಸೆರಗು ಕೈಬಿಟ್ಟು, ಬಾಯಿ ತೆರೆದು ಇವರ ಕಡೆ ನೋಡಿದಳು. ಇವರು ಹೊಳೆಯ ದಂಡೆಯಲ್ಲಿ ನಿಂತು ಮುಗಿಲ ಕಡೆ ನೋಡುತ್ತಿದ್ದರು.