ಜಪಾನಿನ ಕಟ್ಲೆಟ್ ಮತ್ತು ಸೊಸೆಯ ತಾಯಿ

ಸೊಸೆಯ ತಾಯಿ ಸೌದಿಯ ಜುಬೈಲಿಗೆ ಬಂದು ಎಂಟು ದಿನವಾಗಿತ್ತು. ಅಷ್ಟರಲ್ಲೇ ಮೊಮ್ಮಗಳು ನನ್ನ ಹಾಸಿಗೆ ಬಿಟ್ಟು ಅವಳ ಹಾಸಿಗೆಗೆ ಹೋಗಿದ್ದಳು. ಮೂರು ತಿಂಗಳಿಂದ ಆ ಹುಡುಗಿಯ ತಲೆ ಬಾಚಿ ಶಾಲೆಯ ಬಸ್ಸು ಹತ್ತಿಸಿದವಳು ನಾನು. ನನಗೆ ಹೊಟ್ಟೆಯುರಿದದ್ದು ನಿಜ. ಈ ವಯಸ್ಸಿನಲ್ಲಿ ಅದಕ್ಕೆ ಬೇರೆ ಹೆಸರು ಹುಡುಕುವ ಕೆಲಸ ನನಗಿಲ್ಲ.

ಸೊಸೆಗೆ ಎಂಟು ತಿಂಗಳು ತುಂಬಿತ್ತು. ನನ್ನ ವಿಸಾ ಮುಗಿಯಲು ಒಂದು ವಾರ ಉಳಿದಿತ್ತು. ಕಾರಿನಲ್ಲಿ ಬಹ್ರೇನಿನ ಸೇತುವೆ ದಾಟಿ, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು ಅದೇ ದಿನ ವಾಪಸು ಬಂದರೆ ಇನ್ನೂ ಮೂರು ತಿಂಗಳು ಇರಬಹುದು. ನಮ್ಮ ಕಡೆಯವರೆಲ್ಲ ಹಾಗೆಯೇ ಮಾಡುತ್ತಾರೆ. ಮಗ ನನ್ನನ್ನು ಸೇತುವೆಗೆ ಕರೆದೊಯ್ಯುತ್ತಾನೋ, ಮಂಗಳೂರಿನ ವಿಮಾನ ಹತ್ತಿಸುತ್ತಾನೋ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಬಾಣಂತನಕ್ಕೆ ಹೆತ್ತ ತಾಯಿ ಬಂದ ಮೇಲೆ ಅತ್ತೆ ಯಾಕೆ ಎಂದು ಯಾರಿಗಾದರೂ ಅನಿಸುತ್ತದೆ. ಮೊದಲ ಮಗುವನ್ನು ತಾಯಿಮನೆಯವರೇ ಮೀಯಿಸಿದ್ದರು. ಇದನ್ನಾದರೂ ನನ್ನ ಕಾಲ ಮೇಲೆ ಮಲಗಿಸಿಕೊಂಡು ನಾನು ಮೀಯಿಸಬೇಕಿತ್ತು.

ಶುಕ್ರವಾರ ಮಗ ಎಲ್ಲರನ್ನೂ ಖೋಬರ್ ಪಟ್ಟಣಕ್ಕೆ ಊಟಕ್ಕೆ ಕರೆದುಕೊಂಡು ಹೋದ. ಜಪಾನಿನವರ ಕಟ್ಲೆಟ್ ಹೋಟೆಲು. ಕಟ್ಲೆಟ್ ಎಂದರೆ ನಮ್ಮಲ್ಲಿ ಆಲೂಗಡ್ಡೆ ಹಿಸುಕಿ, ರವೆಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕಾಯಿಸುವುದು. ಅದಕ್ಕೆ ಇಷ್ಟು ದೂರ ಬರಬೇಕಾ ಎಂದು ಕೇಳಿದೆ.

"ಅದಲ್ಲ ಅಮ್ಮ. ಜಪಾನಿನಲ್ಲಿ ಇದು ಹಂದಿಯದ್ದು. ಇಲ್ಲಿ ಹಂದಿ ಎಲ್ಲಿ ಉಂಟು, ಕೋಳಿಯದ್ದು ಮಾಡ್ತಾರೆ," ಎಂದ ಮಗ.

"ಹಾಗಾದ್ರೆ ಕೋಳಿ ಕಾಯಿಸಿದ್ದು ಅಂತ ಹೇಳು ಮಾರಾಯ. ಅದಕ್ಕೆ ಜಪಾನು ಎಂತಕ್ಕೆ?"

ಮೊಮ್ಮಗಳು ಸೊಸೆಯ ತಾಯಿಯ ಪಕ್ಕದಲ್ಲೇ ಕುಳಿತಳು. ಸೊಸೆಯ ತಾಯಿ ಕನ್ನಡಕ ಏರಿಸಿ ಇಂಗ್ಲಿಷಿನ ಪಟ್ಟಿ ಓದಿದಳು. ಹತ್ತನೆಯ ಕ್ಲಾಸು ಪಾಸಾದವಳು. ನಾನು ಮೂರಕ್ಕೇ ಬಿಟ್ಟವಳು, ಚಿತ್ರಕ್ಕೆ ಬೆರಳು ತೋರಿಸಿದೆ. ಎರಡು ಕಡ್ಡಿಯಲ್ಲಿ ತಿನ್ನುವುದನ್ನೂ ಅವಳು ಫೋನಿನಲ್ಲಿ ನೋಡಿ ಕಲಿತಿದ್ದಳು, ಕಡ್ಡಿ ಹಿಡಿದು ತೋರಿಸಿದಳು. "ಅಮ್ಮಮ್ಮ ಸೂಪರ್," ಎಂದಳು ಮೊಮ್ಮಗಳು. ಆ ಕಡ್ಡಿಗಳನ್ನು ಮುರಿದು ಹಾಕಬೇಕೆನಿಸಿತು.

ಆಮೇಲೆ ಒಬ್ಬೊಬ್ಬರ ಮುಂದೆ ಒಳಗೆಲ್ಲ ಗೀರುಗಳಿದ್ದ ಮಣ್ಣಿನ ಬಟ್ಟಲು ಇಟ್ಟರು. ಅದರಲ್ಲಿ ಹುರಿದ ಎಳ್ಳು, ಜೊತೆಗೊಂದು ಗಿಡ್ಡ ಮರದ ಕೋಲು. ಕಟ್ಲೆಟ್ ಬರುವವರೆಗೆ ನಾವೇ ಅರೆಯಬೇಕಂತೆ. ಇದಕ್ಕೆ ಓದು ಬೇಡ. ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರುಮಾಡಿದೆ. ಎಳ್ಳು ಬರೀ ಒಣಗಿತ್ತು, ಮಸಾಲೆಗೆ ಹಾಕುವ ಹಾಗೆ ಲೋಟದಿಂದ ಸ್ವಲ್ಪ ನೀರು ಹಾಕಿದೆ. ಗಂಧದಷ್ಟು ನುಣ್ಣಗಾಗುವ ತನಕ ಬಿಡಲಿಲ್ಲ. ಇನ್ನು ಕಾಯಿತುರಿ ತರುತ್ತಾರೆಂದು ಕಾದೆ.

ಬಡಿಸುವ ನೇಪಾಳದವನು ಬಂದು ನನ್ನ ಬಟ್ಟಲು ನೋಡಿ ನಿಂತುಬಿಟ್ಟ. "ಮಾತಾಜಿ, ಪಾನಿ ನಹೀ," ಎಂದ. ನೀರು ಹಾಕದೆ ತರಿತರಿಯಾಗಿ ಪುಡಿಮಾಡಿ ಅದರ ಮೇಲೆ ಕಪ್ಪು ಸಾಸು ಸುರಿಯಬೇಕಂತೆ. "ಅಜ್ಜಿ ಚಟ್ನಿ ಮಾಡಿದ್ದು," ಎಂದು ಮೊಮ್ಮಗಳು ಮೇಜಿಗೆ ತಲೆಯಿಟ್ಟು ನಕ್ಕಳು. ಮಗನೂ ನಕ್ಕ.

ಸೊಸೆಯ ತಾಯಿ ನಗಲಿಲ್ಲ. ಅವಳ ಬಟ್ಟಲಿನಲ್ಲಿ ಎಳ್ಳು ಹಾಕಿದ ಹಾಗೆಯೇ ಇತ್ತು.

"ಅಕ್ಕ, ನನ್ನದೂ ಸ್ವಲ್ಪ ಅರೆದು ಕೊಡಿ. ಹೋದ ವರ್ಷ ಬಿದ್ದ ಮೇಲೆ ಈ ಕೈಯಲ್ಲಿ ಒತ್ತಲಿಕ್ಕೆ ಆಗುದಿಲ್ಲ."

ಎರಡು ಸುತ್ತು ತಿರುಗಿಸಿ ಕೊಟ್ಟೆ. ಅವಳು ನನ್ನ ಮಗನ ಕಡೆ ತಿರುಗಿದಳು. "ನೀವು ಅಕ್ಕನನ್ನು ಸೇತುವೆಗೆ ಕರ್ಕೊಂಡು ಹೋಗಿ ಬನ್ನಿ. ಮಗುವಿಗೆ ಎಣ್ಣೆ ತಿಕ್ಕಿ ಮೀಯಿಸಲಿಕ್ಕೆ ಇಂಥ ಕೈ ಬೇಕು. ಅಡುಗೆ ನಾನು ನೋಡಿಕೊಳ್ತೇನೆ."

ಮಗ ಸೊಸೆಯ ಮುಖ ನೋಡಿದ. "ಎರಡೇ ಕೋಣೆಯ ಮನೆ ಅಲ್ವಾ ಅಮ್ಮ," ಎಂದು ಸೊಸೆ ತನ್ನ ತಾಯಿಗೆ ಹೇಳಿದಳು.

"ಮಂಗಳೂರಿಗೆ ಟಿಕೆಟ್ ನೋಡಿ ಇಟ್ಟಿದ್ದೆ," ಎಂದ ಮಗ, ಮೆಲ್ಲಗೆ. ಊಟಕ್ಕೆ ಕರೆತಂದದ್ದು ಯಾಕೆಂದು ಆಗ ಗೊತ್ತಾಯಿತು.

ಸೊಸೆಯ ತಾಯಿಯ ಉಪಕಾರ ನನಗೆ ಬೇಡವಾಗಿತ್ತು. ಅವಳು ಕೆಟ್ಟವಳಾಗಿದ್ದರೆ ನನಗೆ ಸುಲಭವಿತ್ತು. ನಾನು ಹೋಗುತ್ತೇನೆ ಎಂಬ ಮಾತು ನಾಲಗೆಯವರೆಗೆ ಬಂತು. ಆಡಿದ್ದರೆ ಮಗು ಪೂರ್ತಿ ಅವಳದ್ದಾಗುತ್ತಿತ್ತು. ನುಂಗಿಕೊಂಡೆ.

"ನಾನು ಸೋಫಾದಲ್ಲಿ ಮಲಗ್ತೇನೆ. ಸೇತುವೆಗೆ ಯಾವತ್ತು ಹೋಗುದು, ಅದು ಹೇಳು," ಎಂದೆ.

ಮಗ ಫೋನಿನಲ್ಲಿ ದಿನ ನೋಡಿದ. "ಸೋಮವಾರ," ಎಂದ.

ಹೆರಿಗೆಯಾದ ಮೇಲೆ ಮಗುವನ್ನು ನಲವತ್ತು ದಿನವೂ ನಾನೇ ಮೀಯಿಸಿದೆ. ಅಡುಗೆಮನೆ ಸೊಸೆಯ ತಾಯಿಯ ಕೈಯಲ್ಲಿತ್ತು. ಬಾಣಂತಿಗೆಂದು ಅವಳು ಮಾಡುತ್ತಿದ್ದ ಕಾಳುಮೆಣಸಿನ ಸಾರನ್ನು ಮೊಮ್ಮಗಳು ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದಳು. ಅದನ್ನೇ ನಾನು ಮಾಡಿದಾಗ ಖಾರ ಎಂದವಳು. ನಾನೂ ಎರಡೆರಡು ಸಲ ಹಾಕಿಸಿಕೊಂಡೆ, ಚೆನ್ನಾಗಿದೆ ಎಂದು ಮಾತ್ರ ಒಂದು ದಿನವೂ ಹೇಳಲಿಲ್ಲ.