ಡ್ರಿಲ್ಲಿಗೆ ಸಿಕ್ಕಿಸಿದ ಬೈರಿಗೆ

ನನ್ನ ಗಂಡ ನಾಲ್ಕು ತಿಂಗಳು ಮಾತಾಡಲಿಲ್ಲ. ಜಗಳವಾಡಿ ಮಾತು ಬಿಟ್ಟಿದ್ದಲ್ಲ. ಹಾಗಿದ್ದಿದ್ದರೆ ಅದಕ್ಕೆ ಮದ್ದು ನನಗೆ ಗೊತ್ತಿತ್ತು. ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಅವರಿಗೆ ಹದಿನಾರು ವರ್ಷದ ಕೆಲಸ. ಸಣ್ಣ ಸಣ್ಣ ಮೋಟಾರುಗಳನ್ನು ಬೆಂಚಿನ ಮೇಲೆ ಓಡಿಸಿ, ಅವು ಎಲ್ಲಿ ಸೋಲುತ್ತವೆ ಎಂದು ಬರೆದುಕೊಳ್ಳುವುದು. ಆ ಸೆಪ್ಟೆಂಬರಿನಲ್ಲಿ ಅವರ ವಿಭಾಗವನ್ನೇ ಮುಚ್ಚಿಬಿಟ್ಟರು. ಒಂದು ರಟ್ಟಿನ ಡಬ್ಬದಲ್ಲಿ ಕಾಫಿ ಕಪ್ಪು, ಒಂದು ಜೊತೆ ಸೇಫ್ಟಿ ಶೂ ಹಾಕಿಕೊಂಡು ಬಸ್ಸಿನಲ್ಲಿ ಮನೆಗೆ ಬಂದರು. ಅಡುಗೆಮನೆಯ ಕಿಟಕಿಯ ಪಕ್ಕ ಕೂತರು. ಅಲ್ಲಿಂದ ಏಳಲೇ ಇಲ್ಲ ಅನ್ನಬೇಕು.

"ಊಟಕ್ಕೆ ಬಡಿಸಲಾ?" ಅಂದರೆ "ಹ್ಞೂಂ." "ಉಪ್ಪು ಸರಿಯಾಗಿದೆಯಾ?" ಅಂದರೆ "ಹ್ಞೂಂ." ಬಾನ್ ನಗರದಲ್ಲಿ ಓದುವ ಮಗಳು ಫೋನು ಮಾಡಿ, ಎಲ್ಲಾ ಸರಿಯಿದೆಯಾ ಪಪ್ಪಾ ಎಂದು ತನ್ನ ಜರ್ಮನ್‌ನಲ್ಲಿ ಕೇಳಿದರೂ ಅದೇ "ಹ್ಞೂಂ." ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆ ಕಟ್ಟಿದವನು ನಮ್ಮ ಮನೆಯಲ್ಲಿ ಒಂದು ವಾರ ಇರಬೇಕಿತ್ತು. ಅವರು ಉಡುಪಿ ಕಡೆಯವರು, ನಾನು ಮೈಸೂರಿನವಳು. ಇಪ್ಪತ್ತು ವರ್ಷ ಅವರ ಮಾತಿನ ಸದ್ದಿನಲ್ಲೇ ಅಡುಗೆ ಮಾಡಿದ್ದೆ, ಬಟ್ಟೆ ಮಡಚಿದ್ದೆ, ನಿದ್ದೆ ಹೋಗಿದ್ದೆ. ಈಗ ಫ್ರಿಜ್ಜಿನ ಗುಯ್ ಅನ್ನುವ ಸದ್ದು ಮಾತ್ರ. ಈ ಮನುಷ್ಯ ಇನ್ನು ಹೀಗೇ ಉಳಿದುಬಿಟ್ಟರೆ ಎಂಬ ಹೆದರಿಕೆ ನನಗೆ ಯಾವಾಗಲೂ ಇರುತ್ತಿತ್ತು.

ಆ ಚಳಿಗಾಲವನ್ನು ನೆನೆದರೆ ಬೇರೆ ಯಾರೋ ಕಂಡ ಕನಸನ್ನು ನಾನು ಹೇಳುತ್ತಿದ್ದೇನೋ ಅನ್ನಿಸುತ್ತದೆ. ಬೆಳಗ್ಗೆ ಎಂಟಾದರೂ ಬೆಳಕಿಲ್ಲ, ಸಂಜೆ ನಾಲ್ಕೂವರೆಗೆ ಮತ್ತೆ ದೀಪ ಹಚ್ಚಬೇಕು. ನಡುವೆ ಇರುವ ಅಷ್ಟು ಹೊತ್ತು ಬಿಳಿ ಮಂಜು. ಗ್ರಂಥಾಲಯದಲ್ಲಿ ನನ್ನ ಅರ್ಧ ದಿನದ ಕೆಲಸ ಮುಗಿಸಿ ಬರುವಾಗ ನಮ್ಮ ಕಿಟಕಿಯಲ್ಲಿ ಅವರ ತಲೆ ಕಾಣುತ್ತಿತ್ತು. ಎದುರಿನ ಬಸ್ ಸ್ಟಾಪಿನತ್ತ ನೋಡುತ್ತಾ ಕೂತಿರುತ್ತಿದ್ದರು. ಬಸ್ಸು ಬಂದು ಹೋಗುತ್ತಿತ್ತು, ತಲೆ ಅಲ್ಲಾಡುತ್ತಿರಲಿಲ್ಲ.

ಜನವರಿಯಲ್ಲಿ ಚಳಿ ಕಚ್ಚಿಕೊಂಡಿತು. ನಾಲ್ಕಾರು ವರ್ಷಗಳಿಂದ ಹೆಪ್ಪುಗಟ್ಟದ ಕೆರೆಗಳು ಆ ವರ್ಷ ಹೆಪ್ಪುಗಟ್ಟಿದವು. ಒಂದು ದಿನ ಬೆಲ್ ಆಯಿತು. ಬಾಗಿಲು ತೆಗೆದರೆ ಪಕ್ಕದ ಮನೆಯ ಜರ್ಮನ್ ಅಜ್ಜ. ಬಸ್ಸು ಓಡಿಸಿ ನಿವೃತ್ತರಾದವರು, ಎಂಬತ್ತರ ಹತ್ತಿರ ವಯಸ್ಸು. ಕೈಯಲ್ಲಿ ನನ್ನ ಭುಜದೆತ್ತರದ ಒಂದು ಬೈರಿಗೆ. ನಮ್ಮ ಬಡಗಿಗಳ ಬೈರಿಗೆಯೇ, ಆದರೆ ರಾಕ್ಷಸನ ಕೈಗೆ ಮಾಡಿದ್ದು. ಮಂಜುಗಡ್ಡೆಯಲ್ಲಿ ತೂತು ಕೊರೆದು, ಆ ತೂತಿನೊಳಗೆ ಗಾಳ ಬಿಟ್ಟು ಮೀನು ಹಿಡಿಯುತ್ತಾರಂತೆ.

"ಹೋದ ವರ್ಷ ಭುಜದ ಆಪರೇಷನ್ ಆಯ್ತು. ಕೈಯಲ್ಲಿ ಇದನ್ನ ತಿರುಗಿಸೋಕಾಗಲ್ಲ," ಅಂದರು ಅಜ್ಜ. "ನಿಮ್ಮ ಯಜಮಾನರ ಹತ್ತಿರ ಒಳ್ಳೇ ಬ್ಯಾಟರಿ ಡ್ರಿಲ್ ಇದೆಯಲ್ಲ? ಅದಕ್ಕೆ ಇದನ್ನ ಕೂಡಿಸಬಹುದಾ, ಕೇಳಿ. ಮುಂದಿನ ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟುತ್ತೋ ಇಲ್ಲವೋ."

ಕ್ಷಮಿಸಿ, ಅವರಿಗೆ ಹುಷಾರಿಲ್ಲ ಅನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನನ್ನ ಹಿಂದಿನಿಂದ ಒಂದು ಕೈ ಬಂದು ಬೈರಿಗೆಯನ್ನು ಇಸಕೊಂಡಿತು. ಅಲಗಿನ ಮೇಲೆ ಹೆಬ್ಬೆರಳು ಆಡಿಸಿತು. ಹಿಡಿಕೆಯ ನಟ್ಟನ್ನು ಒಮ್ಮೆ ತಿರುಗಿಸಿ ನೋಡಿತು. ಆಮೇಲೆ ನನ್ನ ಗಂಡ ಚಪ್ಪಲಿ ಮೆಟ್ಟಿ, ಬೈರಿಗೆ ಹೊತ್ತುಕೊಂಡು ನೆಲಮಾಳಿಗೆಗೆ ಇಳಿದುಹೋದರು. ಅಜ್ಜ ನನ್ನ ಮುಖ ನೋಡಿದರು, ನಾನು ಅಜ್ಜನ ಮುಖ ನೋಡಿದೆ.

ನಾಲ್ಕು ದಿನ ನೆಲಮಾಳಿಗೆಯಿಂದ ಅರದ ಸದ್ದು ಬಂತು. ಬೈರಿಗೆಯ ಹಿಡಿಕೆ ಬಿಚ್ಚಿ, ಆ ಜಾಗಕ್ಕೆ ಒಂದು ಉಕ್ಕಿನ ಸರಳು ಕೂಡಿಸಿ, ಡ್ರಿಲ್ಲಿನ ಹಲ್ಲು ಕಚ್ಚಿ ಹಿಡಿಯಲೆಂದು ಅದರ ತುದಿಯನ್ನು ಆರು ಮುಖ ಬರುವಂತೆ ಕೈಯಲ್ಲೇ ಅರ ಹಾಕಿ ಸವೆಸುತ್ತಿದ್ದರು. ಕರ್ರ್, ಕರ್ರ್. ನಾನು ಮಿಕ್ಸಿ ನಿಲ್ಲಿಸಿ ಕೇಳುತ್ತಿದ್ದೆ. ಒಮ್ಮೆ ಮೆಟ್ಟಿಲ ಮೇಲೆ ಸದ್ದಿಲ್ಲದೆ ಹೋಗಿ ಕೂತೆ. ಮಂದ ದೀಪದಲ್ಲಿ ಅವರ ಬೆನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು, ಗಾಳಿಯಲ್ಲಿ ಕಬ್ಬಿಣದ ವಾಸನೆ. ಅಲ್ಲೇ ತೂಕಡಿಕೆ ಬಂತು ನನಗೆ, ಎಷ್ಟೋ ದಿನಗಳ ಮೇಲೆ ಸುಖವಾದ ತೂಕಡಿಕೆ. ದೇವರೇ, ಇದೊಂದು ಕೆಲಸ ಸರಿಯಾಗಿ ಆಗಿಬಿಡಲಿ, ಇವರು ಎದ್ದು ನಿಲ್ಲುತ್ತಾರೆ ಎಂದು ಬೇಡಿಕೊಂಡೆ. ಐದನೆಯ ದಿನ ಡ್ರಿಲ್ಲಿಗೆ ಸಿಕ್ಕಿಸಿ ಗಾಳಿಯಲ್ಲಿ ತಿರುಗಿಸಿ ನೋಡಿದರು. ತಿರುಗಿತು.

ಕೆರೆ ಊರಾಚೆ, ನದಿಯ ಬದಿಗೆ. ಜಲ್ಲಿ ತೆಗೆದೂ ತೆಗೆದೂ ಆದ ಹಳ್ಳ, ಮೀನು ಹಿಡಿಯುವವರ ಒಂದು ಸಂಘದ್ದು. ಈ ದೇಶದಲ್ಲಿ ಗಾಳ ಹಾಕಲಿಕ್ಕೂ ಪರೀಕ್ಷೆ ಬರೆದು ಚೀಟಿ ತೆಗೆದುಕೊಳ್ಳಬೇಕು. ಚೀಟಿ ಇದ್ದದ್ದು ಅಜ್ಜನಿಗೆ ಮಾತ್ರ. ನಾವು ತೂತು ಕೊರೆದು ಕೊಡುವವರು. ಒಂಬತ್ತು ಗಂಟೆಯ ಬೆಳಕಿನಲ್ಲಿ ಆ ಕೆರೆಗೆ ದಡವೆಲ್ಲಿ, ಆಕಾಶವೆಲ್ಲಿ ಗೊತ್ತಾಗುತ್ತಿರಲಿಲ್ಲ. ಎಲ್ಲ ಒಂದೇ ಬಿಳುಪು. ಮರಗಳು ನೆಲಕ್ಕೆ ಅಂಟದೆ ತೇಲುತ್ತಿದ್ದವು. ನಾನು ಮೊದಲ ಹೆಜ್ಜೆ ಇಟ್ಟಾಗ ಕಾಲಡಿಯಲ್ಲಿ ಎಲ್ಲೋ ದೂರದಿಂದ 'ಡೊಂಯ್' ಎಂದು ಉದ್ದಕ್ಕೆ ಒಂದು ಸದ್ದು ಹಾದುಹೋಯಿತು. ಅಯ್ಯೋ ಎಂದು ಚೀರಿದೆ.

"ಹೆದರಬೇಡಿ, ಬೆಳೀತಾ ಇದೆ ಅಷ್ಟೇ," ಅಂದರು ಅಜ್ಜ. "ಒಂದು ಗೇಣು ದಪ್ಪ ಇದೆ, ನಿನ್ನೆ ಸಂಘದವರು ಅಳೆದಿದ್ದಾರೆ."

ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಅದಕ್ಕೆ ನನ್ನ ಗಂಡ ಮನೆಯಲ್ಲೇ ಅದನ್ನು ಡ್ರಿಲ್ಲಿನಿಂದ ಕಳಚಿ, ಏನೂ ಹೇಳದೆ ನನ್ನ ಸ್ವೆಟರಿನೊಳಗೆ ತುರುಕಿದ್ದರು. ದಾರಿಯುದ್ದಕ್ಕೂ ಅದನ್ನು ಹೊಟ್ಟೆಗೆ ಅವಚಿಕೊಂಡು ಬಂದಿದ್ದೆ. ಕೆರೆಯ ನಡುವೆ ನಿಂತು ಕೈ ಚಾಚಿದರು, ತೆಗೆದುಕೊಟ್ಟೆ. ಅವರ ಬೆರಳು ತಣ್ಣಗಿತ್ತು. ಡ್ರಿಲ್ಲಿನ ಬಾಯಿಗೆ, ಅವರ ಮಾತಿನಲ್ಲಿ ಚಕ್‌ಗೆ, ಸರಳು ಕೂಡಿಸಿ, ತಿರುಪಿ ತಿರುಪಿ ಬಿಗಿ ಮಾಡಿ, ಎರಡೂ ಕೈಯಲ್ಲಿ ಹಿಡಿದು ಗುಂಡಿ ಒತ್ತಿದರು.

ಡ್ರಿಲ್ಲು ಗುರ್ರೆಂದಿತು. ಬೈರಿಗೆಯ ಸುತ್ತ ಬಿಳಿ ಪುಡಿ ಕಾಯಿತುರಿಯ ಹಾಗೆ ಗುಡ್ಡೆಯಾಗತೊಡಗಿತು. ಎಂಥ ಚಂದ ಅಂತೀರಿ! ಮೊದಲು ಬಿಳಿ, ಆಮೇಲೆ ಬೂದು, ಆಮೇಲೆ ಗಾಜಿನಂಥ ನೀಲಿ. ಕೊನೆಗೆ ಕೆಳಗಿಂದ ಕಪ್ಪು ನೀರು ಬುಳುಬುಳು ಎಂದು ಎದ್ದು ಬಂದು ಆ ಪುಡಿಯನ್ನೆಲ್ಲ ನೆನೆಸಿತು. ಅಜ್ಜ ಟೋಪಿ ತೆಗೆದು ಮಕ್ಕಳ ಹಾಗೆ ಬೀಸಿದರು. ನನ್ನ ಗಂಡನ ತುಟಿಯ ತುದಿ ಒಂದಿಷ್ಟು ಅಲುಗಿದ್ದನ್ನು ನಾನು ಕಣ್ಣಾರೆ ಕಂಡೆ.

ತೂತಿನಲ್ಲಿ ಉಳಿದ ಪುಡಿ ಎತ್ತಲೆಂದು ಡ್ರಿಲ್ಲನ್ನು ಮೇಲಕ್ಕೆಳೆದರು. ಡ್ರಿಲ್ಲು ಮೇಲೆ ಬಂತು. ಬೈರಿಗೆ ಬರಲಿಲ್ಲ. ಅದು ಆ ಕಪ್ಪು ನೀರಿನೊಳಗೆ ನೆಟ್ಟಗೆ, ಮೆಲ್ಲಗೆ, ಸದ್ದಿಲ್ಲದೆ ಇಳಿದುಹೋಯಿತು. ಒಂದು ಗುಳ್ಳೆ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಇದಕ್ಕೇ.

ನಾವು ಮೂವರೂ ತೂತು ನೋಡುತ್ತಾ ನಿಂತೆವು. "ಹೋಗಲಿ ಬಿಡಿ, ತೂತಂತೂ ಆಯ್ತಲ್ಲ," ಅಂದರು ಅಜ್ಜ. ಒಳ್ಳೆಯ ಮನುಷ್ಯ. ನನ್ನ ಗಂಡ ಡ್ರಿಲ್ಲನ್ನು ಮಂಜುಗಡ್ಡೆಯ ಮೇಲೆ ಇಟ್ಟು, "ನನ್ನತ್ರ ಇದು ಸಹ ಆಗುದಿಲ್ಲ," ಅಂದರು. ನಾಲ್ಕು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಪೂರಾ ವಾಕ್ಯ ಅದು. ಬೇರೆ ಯಾವುದಾದರೂ ಬರಬಾರದಿತ್ತೇ ಅನ್ನಿಸಿತು. ತಿರುಗಿ ದಡದ ಕಡೆ ನಡೆಯತೊಡಗಿದರು. ಹತ್ತು ಹೆಜ್ಜೆಗೇ ಮಂಜು ಅವರನ್ನು ಅರ್ಧ ನುಂಗಿತ್ತು.

ಡ್ರಿಲ್ಲನ್ನು ಎತ್ತಿಕೊಳ್ಳಲು ಬಗ್ಗಿದೆ. ಅದರ ಬಾಯೊಳಗೆ, ಹಲ್ಲುಗಳ ಸಂದಿಯಲ್ಲಿ, ಬೆಳ್ಳಗೆ ಏನೋ ಮೆತ್ತಿತ್ತು. ಮಂಜುಗಡ್ಡೆಯ ಪುಡಿ ಇರಬೇಕು ಎಂದು ಉಗುರಿನಿಂದ ಕೆರೆದೆ. ಅದು ಕರಗಲಿಲ್ಲ, ಮೇಣದ ಹಾಗೆ ಉಗುರಿಗೆ ಅಂಟಿತು. ಮೂಗಿನ ಹತ್ತಿರ ಹಿಡಿದೆ. ತೆಂಗಿನೆಣ್ಣೆ.

ನಿಂತಲ್ಲೇ ಬೆವರಿದೆ, ಆ ಚಳಿಯಲ್ಲಿ. ಪ್ರತಿ ವರ್ಷ ಆಯುಧಪೂಜೆಗೆ ಸುತ್ತಿಗೆ, ಸ್ಪ್ಯಾನರು, ಡ್ರಿಲ್ಲು ಎಲ್ಲ ಒರೆಸಿ ಸಾಲಾಗಿ ಇಡುವುದು ಅವರ ಕೆಲಸ, ಅರಿಶಿನ ಕುಂಕುಮ ನನ್ನದು. ಆ ಅಕ್ಟೋಬರಿನಲ್ಲಿ ಅವರು ಕಿಟಕಿ ಬಿಟ್ಟು ಏಳಲಿಲ್ಲ. ಕೂತಿರಿ, ನಿಮ್ಮ ಕೈಕಾಲು ನೋಡಿಕೊಂಡು ಕೂತಿರಿ, ನಾನೇ ಮಾಡುತ್ತೇನೆ ಎಂದು ಸಿಟ್ಟಿನಲ್ಲಿ ಎಲ್ಲವನ್ನೂ ಒರೆಸಿದ್ದೆ. ಎಣ್ಣೆ ಹಾಕಬೇಕು ಅನ್ನುವುದು ನೆನಪಿತ್ತು, ಯಾವ ಎಣ್ಣೆ, ಎಲ್ಲಿಗೆ ಅನ್ನುವುದು ತಿಳಿದಿರಲಿಲ್ಲ. ಅತ್ತೆ ಊರಿಂದ ಕಳಿಸಿದ್ದ ತೆಂಗಿನೆಣ್ಣೆಯನ್ನು ಹೀಟರಿನ ಮೇಲಿಟ್ಟು ಕರಗಿಸಿ, ಹೊಳೆಯಲಿ ಎಂದು ಡ್ರಿಲ್ಲಿನ ಬಾಯಿಗೆ ಧಾರಾಳವಾಗಿ ಸುರಿದಿದ್ದೆ. ಆಮೇಲೆ ಅದರ ನೆತ್ತಿಗೆ ಕುಂಕುಮವಿಟ್ಟು ಕೈ ಬೇರೆ ಮುಗಿದಿದ್ದೆ.

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೆರಗಿಲ್ಲದಿದ್ದರೇನು, ಮಫ್ಲರಿನ ತುದಿಯಿಂದ ಒರೆಸಿಬಿಟ್ಟರೆ ಮುಗಿಯಿತು. ಸುಳ್ಳೇಕೆ, ಒಂದು ಗಳಿಗೆ ಮಫ್ಲರಿಗೆ ಕೈ ಹೋಯಿತು. ಆದರೆ ಆ ಮನುಷ್ಯ ತನ್ನ ಕೈ ಕೆಟ್ಟಿತು ಎಂದುಕೊಂಡು ಮತ್ತೆ ಆ ಕಿಟಕಿಗೇ ಹೋಗಿ ಕೂರಲು ಹೊರಟಿದ್ದರು. "ರೀ! ನಿಂತ್ಕೊಳ್ಳಿ!" ಎಂದು ಕೂಗಿ ಓಡಿದೆ. ಎರಡು ಸಲ ಜಾರಿ ಬಿದ್ದೆ, ಮೂರನೆಯ ಸಲ ಅವರ ಕೋಟಿಗೇ ಹೋಗಿ ಬಿದ್ದೆ.

"ನಿಮ್ಮ ಕೈ ತಪ್ಪಲ್ಲ ರೀ, ನಂದು. ಇದರ ಬಾಯಿಗೆ ನಾನು ತೆಂಗಿನೆಣ್ಣೆ ಹಾಕಿದ್ದೆ."

"ಎಂತ?"

"ತೆಂಗಿನೆಣ್ಣೆ. ಆಯುಧಪೂಜೆಗೆ."

ಡ್ರಿಲ್ಲನ್ನು ಕಿತ್ತುಕೊಂಡರು. ಬೆರಳು ತೂರಿಸಿ ಆ ಮೇಣವನ್ನು ತೆಗೆದು ಮೂಸಿದರು. ನನ್ನನ್ನು ನೋಡಿದರು. ಮತ್ತೆ ಮೂಸಿದರು.

"ಮಂಡೆ ಸಮ ಉಂಟಾ ನಿಂಗೆ?"

ಆ ಸ್ವರ ಮಂಜಿನೊಳಗೆ ಎಲ್ಲಿಗೋ ಹೋಗಿ ತಿರುಗಿ ಬಂತು. "ಡ್ರಿಲ್ಲಿನ ಚಕ್‌ಗೆ ಯಾರಾದ್ರೂ ತೆಂಗಿನೆಣ್ಣೆ ಹಾಕ್ತಾರಾ ಮಾರಾಯ್ತಿ? ಅದಕ್ಕೆಂತ ತಲೆಸ್ನಾನ ಮಾಡ್ಸ್ಲಿಕ್ಕುಂಟಾ? ಹಿಡಿಯುವ ಜಾಗಕ್ಕೇ ಎಣ್ಣೆ ಹೊಯ್ದ್ರೆ ಅದು ಹಿಡಿಯುದು ಹೇಗೆ? ಇಲ್ಲಿಯ ಚಳಿಗೆ ಅದು ಕಲ್ಲಾಗ್ತದೆ ಅಂತ ಗೊತ್ತಿಲ್ವಾ? ಪ್ರತಿ ಆದಿತ್ಯವಾರ ಬಾಟ್ಲಿಯನ್ನು ಹೀಟರಿನ ಮೇಲೆ ಇಟ್ಟು ಕಾಯುದು ಯಾರು, ನಾನಾ? ಆ ಎಣ್ಣೆ ಗಟ್ಟಿಯಾಗಿ ಅಡ್ಡ ಕೂತದ್ದನ್ನು ನಾನು ಚಕ್ ಟೈಟ್ ಆಯ್ತು ಅಂತ ತಿಳ್ಕೊಂಡದ್ದು! ನಾಲ್ಕು ದಿನ! ನಾಲ್ಕು ದಿನ ಅರ ಹಾಕಿದ್ದೇನೆ ನಾನು!"

ಬೈಯುತ್ತಲೇ ತಿರುಗಿ ತೂತಿನ ಕಡೆ ನಡೆದರು. ನಾನು ಹಿಂದೆ ಹಿಂದೆ. ಮಡಚುವ ಕುರ್ಚಿಯ ಮೇಲೆ ಕೂತು ಆಗಲೇ ಗಾಳ ಇಳಿಬಿಟ್ಟಿದ್ದ ಅಜ್ಜ ಬೆಚ್ಚಿಬಿದ್ದು ನನ್ನನ್ನು ಕೇಳಿದರು: "ಏನಂತೆ?"

"ಬೈತಾ ಇದ್ದಾರೆ, ನನಗೆ."

"ನಾನು ಏನಾದರೂ ಹೇಳಲಾ?"

"ದಯವಿಟ್ಟು ಬೇಡ," ಅಂದೆ.

ಬೈಗುಳ ಆಯುಧಪೂಜೆಯಿಂದ ಹೊರಟು ನನ್ನ ಅವಸರಕ್ಕೆ ಬಂತು, ನನ್ನ ಅವಸರದಿಂದ ಮೈಸೂರಿಗೆ ಹೋಯಿತು, ಮೈಸೂರಿನಿಂದ ಕಂಪನಿಗೆ ಹೋಯಿತು. ಹದಿನಾರು ವರ್ಷ ಎಂದು ಶುರುಮಾಡಿ, ಒಂದು ಮಾತು ಕೇಳದೆ ಬಾಗಿಲು ಮುಚ್ಚಿದವರನ್ನು ಬೈದರು, ಡಬ್ಬದಲ್ಲಿ ಹಾಕಿ ಕಳಿಸಿದ ಕಪ್ಪನ್ನು ಬೈದರು, ಕಿಟಕಿಯೆದುರಿನ ಬಸ್ಸನ್ನೂ ಬೈದರು. ಬಾಯಿಂದ ಹೊಗೆ ಹೊಗೆಯಾಗಿ ಉಸಿರು ಬರುತ್ತಿತ್ತು. ಕೆರೆ ಕೆಳಗಿನಿಂದ ಆಗಾಗ 'ಡೊಂಯ್' ಅನ್ನುತ್ತಿತ್ತು. ನನಗೆ ಕಾಲು ನೆಲದ ಮೇಲೆ ಇದ್ದ ಹಾಗೇ ಇರಲಿಲ್ಲ. ಕೆನ್ನೆಯ ಮೇಲೆ ನೀರು ಇಳಿದು ಅಲ್ಲಲ್ಲೇ ತಣ್ಣಗಾಗುತ್ತಿತ್ತು.

ಅವರು ಅದನ್ನು ಕಂಡು ಥಟ್ಟನೆ ನಿಲ್ಲಿಸಿದರು. "ಅಳುದೆಂತಕ್ಕೆ? ನಾನು ಬೈದದ್ದಕ್ಕಾ?"

"ಅಲ್ಲ. ನಿಲ್ಲಿಸಿದ್ದಕ್ಕೆ."

 ಅವರು ಅಜ್ಜನ ಗಾಳದ ದಾರವನ್ನು ಮೆಲ್ಲಗೆ ಬದಿಗೆ ಸರಿಸಿ, ಮಂಜುಗಡ್ಡೆಯ ಮೇಲೆ ಬೋರಲು ಮಲಗಿ, ತೂತಿಗೆ ಮುಖವಿಟ್ಟು ಕೆಳಗೆ ನೋಡುತ್ತಾ ಮತ್ತೆ ಬೈಯಲು ಶುರುಮಾಡಿದರು.